ಸ್ಪೀಕ್ ಅಂಡ್ ಸ್ಪೆಲ್: ಬಿಸ್ಲಿಗಿ ಹಪ್ಪಳಾದ ರೆಕಾರ್ಡು, ಒಂದೇ ಬೆರಳಿನ ಹಾಡು

ಮೊದ್ಲೇ ಹೇಳ್ಬಿಡ್ತೀನಿ, ನಾ ಇಂಗ್ಲಿಷ್ ಹಾಡು ಕೇಳ್ಕೋತ ಬೆಳ್ದಂವ ಅಲ್ಲ. ಹತ್ತು ಹನ್ನೆರಡು ವರ್ಷ ನಮ್ ಕಲಬುರಗಿ ಸುತ್ತಮುತ್ತ ಗಣಪತಿ ಹಬ್ಬ, ಮದ್ವಿ, ಜಾತ್ರಿ, ಎಲ್ಲೆಲ್ಲಿ ಸ್ಟೇಜ್ ಹಾಕಿದ್ರು ಅಲ್ಲೆಲ್ಲಾ ಆರ್ಕೆಸ್ಟ್ರಾದಾಗ ಕ್ಯಾಸಿಯೋ ಬಾರ್ಸಿದಂವ. ಕ್ಯಾಸಿಯೋ ಅಂದ್ರ ಖರೇ ಹೇಳ್ಬೇಕಂದ್ರ ಅದು ಯಮಾಹಾ ಇತ್ತು, ಆದ್ರ ನಮ್ ಕಡಿ ಕೀಬೋರ್ಡ್ ಯಾವ ಕಂಪನೀದೇ ಇರ್ಲಿ ಅದಕ್ಕ ಕ್ಯಾಸಿಯೋ ಅಂತನೇ ಅಂತಾರ. ಈಗ ಬಾರ್ಸೋದು ಬಿಟ್ಟೀನಿ, ಬೆಳ್ಳಗಾದ ಕೂದ್ಲಾ ಅದಾವ, ಸಣ್ಣ ಅಂಗಡಿ ಅದ, ಸಂಜಿಗಿ ಮಾಳಗಿ ಮ್ಯಾಲ ಕುಂತು ಚಾ ಕುಡಿಯೋದು ಅದ. ಇಂಥಾ ಮನಷ್ಯಾ ಡಿಪೆಷ್ ಮೋಡ್ ಅನ್ನೋ ಇಂಗ್ಲೆಂಡ್ ಬ್ಯಾಂಡಿನ ಮೊದಲ್ನೇ ಆಲ್ಬಂ ಬಗ್ಗೆ ಯಾಕ್ ಬರೀಲಾಕತ್ತಾನ ಅಂತ ಕೇಳಿದ್ರ, ಕಾರಣ ನನ್ ಅಳಿಯ.

ಹೋದ ವರ್ಷ ಏಪ್ರಿಲ್ ಇರ್ಬೇಕು, ರಾತ್ರಿ ಕರೆಂಟ್ ಹೋಗಿತ್ತು, ಎಲ್ಲಾರೂ ಮಾಳಗಿ ಮ್ಯಾಲ ಹಾಸ್ಗಿ ಹಾಕ್ಕೊಂಡು ಬಿದ್ದಿದ್ವಿ, ಗಾಳಿ ಅನ್ನೋದು ಹೆಸ್ರಿಗೂ ಇಲ್ಲ. ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ, ಫೋನ್ದಾಗ ಏನೋ ಹಚ್ಚಿ, ‘ಮಾವ, ಇದು ಕೇಳ್ರಿ, ನಿಮ್ ಕ್ಯಾಸಿಯೋ ಇದ್ದಂಗೇ ಅದ’ ಅಂದ. ಟಿಣ್ ಟಿಣ್ ಟಿಣ್ ಅಂತ ಸಣ್ಣ ಸಣ್ಣ ಸ್ವರ ಓಡ್ಲಾಕತ್ವು, ಒಂದರ ಹಿಂದ ಒಂದು, ಇರುವಿ ಸಾಲು ಹೊಂಟಂಗ. ಕೆಳಗ ದಪ್ಪಂದೊಂದು ಬೇಸ್, ಅದ್ರ ಮ್ಯಾಲ ಹುಡುಗ್ರು ಕೂಡಿ ಹಾಡ್ಲಾಕತ್ತಾರ. ಅವ್ವ ಆ ಕಡಿಂದ ‘ಯಾರ್ದಪಾ ಇದು’ ಅಂದ್ಳು, ಅಂವ ‘ಡಿಪೆಷ್ ಮೋಡ್ ಅಜ್ಜಿ’ ಅಂದ, ಅವ್ವ ಎದ್ದು ಕುಂತು ಆಕಾಶ ನೋಡಿ ‘ಎಲ್ಲಿ ಮೋಡ ಎಲ್ಲಿ?’ ಅಂದ್ಳು. ಏಪ್ರಿಲ್ದಾಗ ಕಲಬುರಗ್ಯಾಗ ಮೋಡ ಅಂದ್ರ ಯಾರಿದ್ರೂ ಎದ್ದು ಕೂಡ್ತಾರ ಬಿಡ್ರಿ.

ಆ ಹಾಡು ‘ನ್ಯೂ ಲೈಫ್’. ಆಲ್ಬಂ ಹೆಸ್ರು ‘ಸ್ಪೀಕ್ ಅಂಡ್ ಸ್ಪೆಲ್’, 1981ರ ಅಕ್ಟೋಬರ್ದಾಗ ಬಂದದ್ದು. ಸ್ಪೀಕ್ ಅಂಡ್ ಸ್ಪೆಲ್ ಅಂದ್ರ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1978ರಾಗ ತಂದ ಒಂದು ಮಕ್ಕಳ ಆಟಿಗಿ, ಮಷೀನ್ ದನೀಲೆ ಒಂದು ಶಬ್ದ ಹೇಳ್ತದ, ಮಕ್ಳು ಅದ್ರ ಅಕ್ಷರ ಒತ್ಬೇಕು. ಅದೇ ಕಂಪನಿ 1985ರಾಗ ಬೆಂಗಳೂರಿಗಿ ಬಂತು, ಆಮ್ಯಾಲ ಅರ್ಧಾ ಕರ್ನಾಟಕದ ಇಂಜಿನಿಯರ್ ಹುಡುಗ್ರು ಅದ್ರ ಗೇಟ್ ಮುಂದ ರೆಸ್ಯೂಮ್ ಹಿಡ್ಕೊಂಡು ನಿಂತ್ರು, ಆ ಕಥಿ ಬ್ಯಾರೆ. ಬ್ಯಾಂಡಿನ ಹೆಸ್ರು ಫ್ರಾನ್ಸಿನ ಒಂದು ಫ್ಯಾಷನ್ ಪತ್ರಿಕಿದು, ಹಾಡೋ ಹುಡುಗ ಡೇವ್ ಗಾಹನ್ ಎಲ್ಲೋ ನೋಡಿ ಛಲೋ ಅದ ಅಂತ ಇಟ್ಟಿದ್ದು.

ನಾಕು ಮಂದಿ. ವಿನ್ಸ್ ಕ್ಲಾರ್ಕ್, ಮಾರ್ಟಿನ್ ಗೋರ್, ಆಂಡಿ ಫ್ಲೆಚರ್, ಡೇವ್ ಗಾಹನ್. ಎಲ್ಲಾರೂ ಬ್ಯಾಸಿಲ್ಡನ್ ಅನ್ನೋ ಊರಾಗ ಬೆಳ್ದವ್ರು. ಲಂಡನ್ ಬಾಜೂಕ ಎಸೆಕ್ಸ್ದಾಗ ಅದ, ಎರಡ್ನೇ ಮಹಾಯುದ್ಧ ಆದ್ಮ್ಯಾಲ ಲಂಡನ್ ಮಂದಿಗಿ ಮನಿ ಮಾಡಿಕೊಡ್ಲಾಕ ಸರ್ಕಾರ ಗೆರಿ ಹೊಡ್ದು ಕಟ್ಟಿದ ಊರು. ನಮ್ ಕಡಿ ಹೌಸಿಂಗ್ ಬೋರ್ಡ್ ಲೇಔಟ್ ಇರ್ತಾವಲ್ಲ, ಎಲ್ಲಾ ಮನಿ ಒಂದೇ ನಮೂನಿ, ಸಂಜಿಗಿ ಹುಡುಗ್ರಿಗಿ ಮಾಡ್ಲಾಕ ಏನೂ ಕೆಲ್ಸ ಇರಲ್ಲ, ಹಂಗೇ ದೊಡ್ಡದು ಅಂತ ತಿಳ್ಕೋರಿ. ಗೋರ್ ಬ್ಯಾಂಕ್ದಾಗ ಕೆಲ್ಸ ಮಾಡ್ತಿದ್ದ, ಫ್ಲೆಚರ್ ಇನ್ಶೂರೆನ್ಸ್ ಆಫೀಸ್ದಾಗ. ಆಲ್ಬಂ ಬಂದಾಗ ಗಾಹನ್ಗ 19, ಎಲ್ಲಾರಿಗಿಂತ ದೊಡ್ಡಾಂವ ಕ್ಲಾರ್ಕ್‌ಗ 21. ಅಂದ್ರ ನಮ್ ಕಡಿ ಡಿಗ್ರಿ ಬ್ಯಾಕ್‌ಲಾಗ್ ಕಟ್ಗೊಂಡು ಸೂಪರ್ ಮಾರ್ಕೆಟ್ದಾಗ ಚಾ ಕುಡ್ಕೋತ ನಿಲ್ಲೋ ವಯಸ್ಸು.

ಈಗ ರೆಕಾರ್ಡಿನ ಕಥಿಗಿ ಬರ್ತೀನಿ, ಯಾಕಂದ್ರ ಇದು ರಿವ್ಯೂ, ರೊಕ್ಕ ಕೊಟ್ಟು ತಗೊಂಡೀನಿ. ಫೋನ್ದಾಗ ಕೇಳಿ ಕೇಳಿ ತಲಿ ಕೆಟ್ಟು, ಹಳೀ ಟರ್ನ್‌ಟೇಬಲ್ ಒಂದು ರಿಪೇರಿ ಮಾಡ್ಸಿದ್ದೆ, ಅದ್ರ ಮ್ಯಾಲ ಕೇಳೋಣಂತ ಆನ್‌ಲೈನ್ ಎಲ್ಪಿ ಆರ್ಡರ್ ಹಾಕ್ದೆ. ಎರಡು ಸಾವಿರದ ಮ್ಯಾಲಾತು, ಮನ್ಯಾಗ ಎಂಟುನೂರು ಅಂತ ಹೇಳೀನಿ. ತಪ್ಪು ಏನಾತಂದ್ರ ಆರ್ಡರ್ ಹಾಕಿದ್ದು ಮೇ ತಿಂಗಳ್ದಾಗ. ಕೊರಿಯರ್ ಹುಡುಗ ಮಧ್ಯಾನ ಒಂದೂವರಿಗಿ ಬಂದು, ಫೋನ್ ಸುದ್ದಾ ಮಾಡ್ದೆ, ಡಬ್ಬಿ ಮನಿ ಮುಂದಿನ ಕಟ್ಟಿ ಮ್ಯಾಲ ಇಟ್ಟು ಹೋಗಿಬಿಟ್ಟಾನ. ಕಟ್ಟಿ ಶಹಾಬಾದ್ ಕಲ್ಲಿಂದು, ಮೇ ಮಧ್ಯಾನ ಅದ್ರ ಮ್ಯಾಲ ರೊಟ್ಟಿ ಸುಡಬಹುದು. ನಾ ಅಂಗಡಿಂದ ಬರೋದು ನಾಕಕ್ಕ. ಮ್ಯಾಲ ಮಾಳಗ್ಯಾಗ ಅವ್ವ ಸಂಡಿಗಿ ಒಣಾಕಿದ್ಳು, ಕೆಳಗ ನನ್ ರೆಕಾರ್ಡ್ ಒಣಗ್ಲಾಕತ್ತಿತ್ತು.

ತೆಗ್ದು ನೋಡಿದ್ರ ಬರೋಬ್ಬರಿ ಹಪ್ಪಳ. ಒಂದು ಕಡಿ ಮ್ಯಾಲೆದ್ದದ, ಒಂದು ಕಡಿ ಕೆಳಗ ಹೋಗ್ಯದ. ಆದ್ರೂ ಹಚ್ಚಿ ನೋಡ್ದೆ, ಸೂಜಿ ದೋಣಿ ಹೋದಂಗ ಮ್ಯಾಲ ಕೆಳಗ ಹೋಗ್ಲಾಕತ್ತು, ಗಾಹನ್ ಹಾಡೋದು ಕುಡ್ದು ಬಂದಂವ ಹಾಡಿದಂಗ ಕೇಳ್ತು. ಮಾರಿದವ್ರಿಗಿ ಫೋಟೋ ಕಳ್ಸ್ದೆ, ‘ಗ್ರಾಹಕರು ಸರಿಯಾಗಿ ಸಂಗ್ರಹಿಸಿಲ್ಲ’ ಅಂತ ಉತ್ರ. ಏನ್ ಸಂಗ್ರಹಿಸೋದ್ರಿ, ನಾ ಕೈಯಾಗ ಹಿಡಿಯೋಕಿಂತ ಮೊದ್ಲೇ ಆಗಿಹೋಗ್ಯದ! ಹನ್ನೊಂದು ದಿನ ಮೇಲ್ ಮ್ಯಾಲ ಮೇಲ್ ಹಾಕಿ, ಡಬ್ಬಿ ಇಟ್ಟ ಟೈಮಿಂದು ಅವರದ್ದೇ ಡೆಲಿವರಿ ಫೋಟೋ ತೋರ್ಸಿದ ಮ್ಯಾಲ (ಫೋಟೋದಾಗ ಬಿಸ್ಲು ಹೆಂಗ್ ಹೊಳೀತದ ಅಂದ್ರ ಡಬ್ಬಿ ನೆಳ್ಳು ಸುದ್ದಾ ಕಾಣಲ್ಲ) ಎರಡ್ನೇದು ಕಳ್ಸಿದ್ರು. ಎರಡ್ನೇದು ಪ್ಯಾಕಿಂಗ್ ಛಲೋ ಇತ್ತು, ಸೌಂಡ್ ಛಲೋ ಅದ, ಕರ್ ಕರ್ ಇಲ್ಲ. ಹಪ್ಪಳ ಆಗಿದ್ದನ್ನ ಎರಡು ಕನ್ನಡಿ ನಡಕ ಇಟ್ಟು ಮ್ಯಾಲ ಅಕ್ಕಿ ಚೀಲ ಹೇರೀನಿ, ಥೋಡೆ ಸೀದಾ ಆಗ್ಯದ, ಅಳಿಯ ಅದನ್ನ ಗೋಡಿಗಿ ಹಾಕ್ತೀನಿ ಅಂತ ತಗೊಂಡ್ ಹೋದ.

ಇನ್ನ ಹಾಡು. ಈ ಆಲ್ಬಂ ಬಗ್ಗೆ ಮಂದಿ ಏನಂತಾರಂದ್ರ ಹುಡುಗಾಟದ್ದು, ತೆಳುವು, ಆಮ್ಯಾಲ ಅದೇ ಬ್ಯಾಂಡ್ ಕಪ್ಪು ಕಪ್ಪು ಗಂಭೀರ ಹಾಡು ಮಾಡಿ ದೊಡ್ಡ ಹೆಸ್ರು ಮಾಡ್ತಲ್ಲ, ಅದ್ರ ಮುಂದ ಇದು ಏನೂ ಅಲ್ಲ ಅಂತ. ನಾ ಒಪ್ಪಲ್ಲ. ತೆಳುವು ಇರೋದು ಖರೇ, ಆದ್ರ ಆ ತೆಳುವೇ ಇದ್ರ ಮಜಾ, ಮತ್ತ ಅದು ಕೀಬೋರ್ಡ್ ಬಾರ್ಸಿದವ್ರಿಗಿ ಲಗೂನ ತಿಳೀತದ.

ಹೆಂಗಂದ್ರ, ಆಗಿನ ಸಿಂಥಸೈಜರ್, ಅಂದ್ರ ಕರೆಂಟಿಲೆ ಸದ್ದು ಹುಟ್ಸೋ ಕೀಬೋರ್ಡ್, ಇರ್ತಿದ್ವಲ್ಲ, ಈ ಹುಡುಗ್ರ ಕೈಯಾಗ ಇದ್ದವು ಹೆಚ್ಚಾಗಿ ಸಣ್ಣ, ಸೋವಿ ಮಷೀನು, ಮೂಗ್ ಪ್ರಾಡಿಜಿ, ಯಮಾಹಾ ಸಿಎಸ್ 5, ಇಂಥವು. ಇವುಗಳ್ದಾಗ ಒಮ್ಮಿಗಿ ಒಂದೇ ಸ್ವರ ಬರ್ತದ. ನೀವು ಮೂರು ಕೀ ಕೂಡೇ ಒತ್ರಿ, ಒಂದೇ ಕೇಳ್ತದ. ಮೂರ್ನಾಕು ಸ್ವರ ಕೂಡ್ಸಿ ಕಾರ್ಡ್ ಹಿಡಿಯೋದು ಅನ್ನೋ ಮಾತೇ ಇಲ್ಲ. ನಮ್ ಆರ್ಕೆಸ್ಟ್ರಾದಾಗ ಏನ್ ಮಾಡ್ತಿದ್ವಿ, ಹಾಡು ಬರ್ಲಿಲ್ಲಂದ್ರ ಎಡಗೈಲೆ ಒಂದು ಕಾರ್ಡ್ ಒತ್ತಿ ಹಿಡ್ಕೊಂಡು ಸ್ಟ್ರಿಂಗ್ಸ್ ಟೋನ್ ಹಾಕಿ ಹೊಂಯ್ ಅಂತ ಬಿಡೋದು, ಎಲ್ಲಾ ತಪ್ಪೂ ಅದ್ರ ಕೆಳಗ ಮುಚ್ಚಿಹೋಗ್ತದ. ಭಜನಿಗಿ ಪೇಟಿ ಬಾರ್ಸೋ ನಮ್ ಮಾಸ್ತರು ಬೈತಿದ್ರು, ‘ಗದ್ಲ ಮಾಡ್ಬ್ಯಾಡೋ, ಒಂದೇ ಬೆರಳಿಲೆ ಹಾಡು ನಿಂದರ್ಸು ಮೊದ್ಲು, ಆಮ್ಯಾಲ ಉಳದ್ದು ನೋಡೋಣು’ ಅಂತ. ಡಿಪೆಷ್ ಮೋಡ್ ಹುಡುಗ್ರಿಗಿ ಮುಚ್ಚಿಕೊಳ್ಳೋ ಹಾದೀನೇ ಇರ್ಲಿಲ್ಲ. ಒಬ್ಬಂವ ಒಂದು ಗೆರಿ ಬಾರ್ಸ್ತಾನ, ಇನ್ನೊಬ್ಬಂವ ಇನ್ನೊಂದು, ಮೂರನೇ ಗೆರಿ ಸೀಕ್ವೆನ್ಸರ್, ಅಂದ್ರ ತುಂಬಿಟ್ಟ ಸ್ವರ ತಾನೇ ಬಾರ್ಸೋ ಮಷೀನ್, ಬಾರ್ಸ್ತದ, ಮೂರೂ ಗೆರಿ ತಮ್ಮ ತಮ್ಮ ಜಾಗಾದಾಗ ತಾವೇ ಒಂದೊಂದು ಹಾಡಿದ್ದಂಗ ಇರ್ಬೇಕು, ಇಲ್ಲಂದ್ರ ಬುಡಮೇಲು. ನೀವು ‘ನ್ಯೂ ಲೈಫ್’ದಾಗ ಬೇಸ್ ಒಂದೇ ಹಿಡ್ಕೊಂಡು ಗುಣುಗ್ರಿ, ಆಗ್ತದ. ಮ್ಯಾಲಿಂದು ಒಂದೇ ಗುಣುಗ್ರಿ, ಅದೂ ಆಗ್ತದ. ಎಷ್ಟು ದೊಡ್ಡ ದೊಡ್ಡ ಮ್ಯೂಸಿಕ್ ಡೈರೆಕ್ಟರ್ ಹಾಡಿನ್ಯಾಗ ಬೇಸ್ ಒಂದೇ ಗುಣುಗ್ಲಾಕ ಬರ್ತದ, ಹೇಳ್ರಿ.

ಇದ್ರ ಹಿಂದ ಡೇನಿಯಲ್ ಮಿಲ್ಲರ್ ಅನ್ನೋ ಮನಷ್ಯಾ ಇದ್ದಾನ. ಮ್ಯೂಟ್ ರೆಕಾರ್ಡ್ಸ್ ಅಂತ 1978ರಾಗ ತಾನೇ ಚಾಲೂ ಮಾಡಿದ ಸಣ್ಣ ಕಂಪನಿ. ಮಜಾ ಏನಂದ್ರ, ಇವ್ರು ಸಿಗೋಕಿಂತ ಮೊದ್ಲು ಅಂವ ‘ಸಿಲಿಕಾನ್ ಟೀನ್ಸ್’ ಅಂತ ಒಂದು ಸುಳ್ಳ ಬ್ಯಾಂಡ್ ಮಾಡಿದ್ದ, ಬರೇ ಸಿಂಥಸೈಜರ್ ಬಾರ್ಸೋ ಹರೇದ ಹುಡುಗ್ರು ಅಂತ ಹೆಸ್ರು, ಒಳಗ ಬಾರ್ಸಿದಂವ ತಾನೊಬ್ನೇ. ಸುಳ್ಳು ಹೇಳಿದ್ದು ಒಂದು ವರ್ಷದಾಗ ಖರೇ ಆಗಿ ನಾಕು ಹುಡುಗ್ರಾಗಿ ಎದುರಿಗಿ ನಿಂತ್ರು. ಇವ್ರ ಜೋಡಿ ಕಾಗದ ಪತ್ರ ಏನೂ ಮಾಡ್ಕೊಳ್ಲಿಲ್ಲ, ಕೈ ಕುಲುಕಿ ಲಾಭ ಅರ್ಧಾ ಅರ್ಧಾ ಅಂತ ಮಾತಾಡಿದ್ರು ಅಷ್ಟೇ. ದನದ ಸಂತ್ಯಾಗ ಟವೆಲ್ ಕೆಳಗ ಬೆರಳು ಹಿಡ್ದು ವ್ಯಾಪಾರ ಮುಗ್ಸಿದಂಗ. ದೊಡ್ಡ ದೊಡ್ಡ ಕಂಪನಿ ರೊಕ್ಕದ ಚೀಲ ಹಿಡ್ಕೊಂಡು ಬಂದಿದ್ವು, ಇವ್ರು ಹೋಗ್ಲಿಲ್ಲ. ರೆಕಾರ್ಡ್ ಮಾಡಿದ್ದು ಲಂಡನ್ದಾಗ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಾಗ, ಅದು ಪೂಜಿ ಪ್ರಾರ್ಥನಿ ನಿಂತುಹೋದ ಒಂದು ಹಳೀ ಚರ್ಚು.

ಡ್ರಮ್ ಬಾರ್ಸೋರು ಯಾರೂ ಇಲ್ಲ. ಧಡ್, ಟಸ್ ಅನ್ನೋ ಎಲ್ಲಾ ಸದ್ದೂ ಮಿಲ್ಲರ್ ತನ್ನ ಎಆರ್‌ಪಿ 2600 ಸಿಂಥಸೈಜರ್ದಾಗ ಮಾಡಿದ್ದು. ಅದಕ್ಕೇ ಈ ಆಲ್ಬಂದಾಗ ತಾಳದ ಪೆಟ್ಟಿನ್ಯಾಗ ತೂಕ ಇಲ್ಲ, ಹಲಗಿ ಕೇಳಿ ಬೆಳ್ದ ನಮ್ ಮಂದಿಗಿ ಇದೊಂದು ಕೊರ್ತಿ ಅನಸ್ತದ, ಎದಿಗಿ ಬಡಿಯಲ್ಲ, ಡಬ್ಬಿ ಮ್ಯಾಲ ಬೆರಳ್ಲೆ ಕುಟ್ಟಿದಂಗ ಕೇಳ್ತದ. ಮೊದ್ಲು ಮೊದ್ಲು ನಂಗೂ ಕಿರಿಕಿರಿ ಆತು. ಸ್ಟೇಜ್ ಮ್ಯಾಲ ಏನ್ ಮಾಡ್ತಿದ್ರಂದ್ರ, ತಾಳದ್ದು ಟೇಪ್ ಮಷೀನ್ದಾಗ ತುಂಬಿಟ್ಟು, ಆ ಮಷೀನ್ನ ಜನಕ್ಕ ಕಾಣಂಗ ಸ್ಟೇಜ್ ಮ್ಯಾಲೇ ಇಟ್ಟು ಬಾರ್ಸ್ತಿದ್ರು. ನಮ್ ಕಡಿ ಈಗ ಪೆನ್‌ಡ್ರೈವ್ದಾಗ ಟ್ರ್ಯಾಕ್ ಹಾಕಿ ಹಾಡಿದ್ರ ‘ಟ್ರ್ಯಾಕ್ ಸಿಂಗರ್’ ಅಂತ ನಗ್ತಾರ, ಟ್ರ್ಯಾಕ್ ಹಾಕಿದಂವ ಪೆನ್‌ಡ್ರೈವ್ ಬಚ್ಚಿಡ್ತಾನ. ಇವ್ರು ಮುಚ್ಚಿಡ್ಲಿಲ್ಲ ನೋಡ್ರಿ, ಹೌದು ಇದು ಮಷೀನ್, ನಾಕು ಹುಡುಗ್ರ ಜೋಡಿ ಐದನೇದು ಅಂತ. ನಂಗ ಭಾಳ ಸೇರ್ತು.

ಇನ್ನೊಂದು ಸೇರಿದ್ದು, ‘ನ್ಯೂ ಲೈಫ್’ ಬ್ರಿಟನ್ದಾಗ ಹೆಚ್ಚು ಮಾರಾಟ ಆಗೋ ಹಾಡಿನ ಪಟ್ಟಿದಾಗ 11ರ ತನಕ ಏರ್ತಲ್ಲ, ಟಾಪ್ ಆಫ್ ದಿ ಪಾಪ್ಸ್ ಅಂತ ಬಿಬಿಸಿ ಟೀವಿ ಪ್ರೋಗ್ರಾಂಗ ಕರದ್ರು, ಅವತ್ತು ಇವ್ರು ಸಿಂಥಸೈಜರ್ ಬಗಲಾಗ ಹಿಡ್ಕೊಂಡು ಟ್ರೇನ್ ಹತ್ತಿ ಹೋದ್ರು. ನಾ ಇದು ಓದಿದಾಗ ನಗು ಬಂತು, ಯಾಕಂದ್ರ ನಾ ಕ್ಯಾಸಿಯೋ ಬೆಡ್‌ಶೀಟ್ದಾಗ ಸುತ್ತಿ ಆಳಂದ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಎಷ್ಟ್ ಸಲ ಹೋಗೀನಿ, ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ತಗೋ ಅಂತ ಜಗಳ.

ಹಾಡು ಹಾಡಿಂದು ಹೇಳ್ಬೇಕಂದ್ರ, ಎಲ್ಪಿ ಮೊದಲ್ನೇ ಬಾಜೂದಾಗ ಆರು, ಎರಡ್ನೇದ್ರಾಗ ಐದು. ಮೊದಲ್ನೇ ಬಾಜೂ ‘ನ್ಯೂ ಲೈಫ್’ ಬಿಟ್ರ ‘ಪಪೆಟ್ಸ್’ ಛಲೋ, ಬೇಸ್ ನಿಧಾನಕ್ಕ ನಡೀತದ, ಒಂಚೂರು ಅಂಜಿಕಿ ಇದ್ದಂಗ ಅದ. ‘ಐ ಸಮ್‌ಟೈಮ್ಸ್ ವಿಶ್ ಐ ವಾಸ್ ಡೆಡ್’ ಅನ್ನೋ ಹಾಡು ಹೆಸ್ರು ಕೇಳಿ ಅಳಿಯನ್ನ ಗಾಬರಿಲೆ ನೋಡ್ದೆ, ಹಾಡು ನೋಡಿದ್ರ ಕುಣ್ಕೋತ ಹೊಂಟದ, ಎರಡು ನಿಮಿಷದ ಮ್ಯಾಲ ಸ್ವಲ್ಪದಾಗ ಮುಗೀತು. ‘ಬಾಯ್ಸ್ ಸೇ ಗೋ’, ‘ನೋಡಿಸ್ಕೋ’ ಎರಡೂ ನಂಗ ಒಂದೇ ಅನಸ್ತಾವ, ಎದ್ದು ಚಾ ತರ್ಲಾಕ ಹೋಗೋ ಹಾಡು. ‘ವಾಟ್ಸ್ ಯುವರ್ ನೇಮ್’ ಅಂತೂ ಬಿಡ್ರಿ, ಸಕ್ರಿ ಪಾಕದಾಗ ಮುಳುಗ್ಸಿ ಮ್ಯಾಲ ಮತ್ತ ಸಕ್ರಿ ಉದುರ್ಸಿದಂಗ, ಬ್ಯಾಂಡಿನವ್ರಿಗೇ ಆಮ್ಯಾಲ ನಾಚ್ಕಿ ಬಂದ ಹಾಡಂತ. ಸಾಹಿತ್ಯ ಕೇಳಬ್ಯಾಡ್ರಿ, ಕ್ಲಾರ್ಕ್‌ಗ ಶಬ್ದದ ಅರ್ಥಕ್ಕಿಂತ ಅದು ಬಾಯಾಗ ಹೆಂಗ್ ಹೊಳ್ಳತದ ಅನ್ನೋದೇ ಹೆಚ್ಚು. ಅಳಿಯಗ ಅರ್ಥ ಕೇಳಿದ್ರ ಅಂವ ‘ಮಾವ, ಇಂಗ್ಲಿಷಿನವ್ರಿಗೂ ತಿಳದಿಲ್ಲ’ ಅಂದ.

ಎರಡ್ನೇ ಬಾಜೂ ತಿರುವಿ ಹಚ್ಚಿದ್ರ ‘ಫೋಟೋಗ್ರಾಫಿಕ್’. ಏಕದಮ್ ಬ್ಯಾರೆ. ಇದಕ್ಕೇ ನಾ ರೊಕ್ಕ ಕೊಟ್ಟಿದ್ದು ಅಂದ್ರೂ ನಡೀತದ. ಗಾಹನ್ ದನಿ ಇನ್ನೂ ಹುಡುಗನದ್ದೇ, ಆದ್ರ ಇಲ್ಲಿ ಅಂವ ನಗೋದು ಬಿಟ್ಟು ಸೀದಾ ನಿಂತು ಹಾಡ್ತಾನ, ಕೆಳಗ ಸೀಕ್ವೆನ್ಸರ್ ಟ್ರೇನ್ ಹೋದಂಗ ಓಡ್ತದ, ರಾತ್ರಿ ವಾಡಿ ಜಂಕ್ಷನ್ದಾಗ ಪ್ಲಾಟ್‌ಫಾರ್ಮ್ ಮ್ಯಾಲ ನಿಂತಾಗ ನಿಲ್ದೇ ಹೋಗೋ ಗೂಡ್ಸ್ ಗಾಡಿ ಇರ್ತದಲ್ಲ, ಡಬ್ಬಿ ಮ್ಯಾಲ ಡಬ್ಬಿ ಡಬ್ಬಿ ಮ್ಯಾಲ ಡಬ್ಬಿ, ಮುಗೀತು ಅಂದ್ರ ಮತ್ತೊಂದು, ಹಂಗ. ಆಮ್ಯಾಲಿನ ಕಪ್ಪು ಡಿಪೆಷ್ ಮೋಡ್ ಬೇಕನ್ನೋರಿಗಿ ಅದ್ರ ಬೀಜ ಇಲ್ಲೇ ಅದ, ಅದೂ ಕ್ಲಾರ್ಕ್ ಬರ್ದಿದ್ದು.

ಅದಾದ ಮ್ಯಾಲ ಎರಡು ಗೋರ್ ಬರ್ದಿದ್ದು ಬರ್ತಾವ, ‘ಟೋರಾ ಟೋರಾ ಟೋರಾ’ ಮತ್ತ ‘ಬಿಗ್ ಮಫ್’. ಹನ್ನೊಂದ್ರಾಗ ಅಂವಂದು ಈ ಎರಡೇ. ಎರಡ್ನೇದ್ರಾಗ ಹಾಡೋದೇ ಇಲ್ಲ, ಬರೇ ಬಾರ್ಸೋದು, ಹೆಸ್ರು ಗಿಟಾರ್ ದನಿ ಬದಲ್ಸಲಾಕ ಹಚ್ಚೋ ಒಂದು ಪೆಡಲ್‌ದು, ಆಲ್ಬಂ ತುಂಬ ಗಿಟಾರ್ ಹುಡ್ಕಿದ್ರೂ ಕೇಳಲ್ಲ, ಇದೂ ಒಂದು ಚಾಷ್ಟಿ ಇರ್ಬೇಕು. ‘ಎನಿ ಸೆಕೆಂಡ್ ನೌ’ ಗೋರ್ ಹಾಡ್ತಾನ, ನಿಧಾನದ್ದು, ಮೆಲ್ಲಕ, ಅಂವನ ದನಿ ಗಾಹನ್‌ಗಿಂತ ತೆಳುವು, ಆದ್ರ ಮನಸಿಗಿ ಹತ್ತದ. ಮಾಳಗಿ ಮ್ಯಾಲ ಮಲ್ಕೊಂಡು ಕೇಳೋ ಹಾಡು ಇದೊಂದೇ. ಕಡೀಕ ‘ಜಸ್ಟ್ ಕಾಂಟ್ ಗೆಟ್ ಇನಫ್’. ಇದು ನೀವೂ ಕೇಳಿರ್ತೀರಿ, ಹೆಸ್ರು ಗೊತ್ತಿರ್ಲಿಕ್ಕಿಲ್ಲ ಅಷ್ಟೇ, ಇಂಗ್ಲೆಂಡ್ ಸ್ಕಾಟ್ಲೆಂಡ್ ಫುಟ್ಬಾಲ್ ಮೈದಾನದಾಗ ಸಾವಿರಗಟ್ಲೆ ಮಂದಿ ಕೂಡಿ ಒದರೋದು ಇದೇ. ಸಿಂಗಲ್ ಆಗಿ, ಅಂದ್ರ ಒಂದೇ ಹಾಡಿನ ರೆಕಾರ್ಡ್ ಆಗಿ, 8ನೇ ಸ್ಥಾನ ತನಕ ಹೋಯ್ತು, ಆಲ್ಬಂ 10ರ ತನಕ. ಆ ಟ್ಯೂನ್ ನಾ ಒಂದೇ ಬೆರಳಿಲೆ ಎರಡು ನಿಮಿಷದಾಗ ಕೀಬೋರ್ಡ್ ಮ್ಯಾಲ ಹಿಡ್ದೆ. ಎರಡು ನಿಮಿಷ! ಬಾರ್ಸೋದು ಬಿಟ್ಟು ಏಳು ವರ್ಷ ಆಗಿತ್ತು, ಮಾಳಗಿ ಕೋಣ್ಯಾಗ ಧೂಳು ಜಾಡ್ಸಿ ತೆಗ್ದೆ, ಮೂರು ಕೀ ಹೋಗ್ಯಾವ, ಆದ್ರೂ ಬಂತು. ನಮ್ ಮನ್ಯಾಕಿ ಬಾಗ್ಲಾಗ ಬಂದು ನಿಂತು ಏನೂ ಅನ್ಲಿಲ್ಲ, ಹೋಗಿ ಚಾ ಇಟ್ಳು.

ಈ ಆಲ್ಬಂ ಬಂದು ಒಂದೆರಡು ತಿಂಗಳ್ದಾಗ ಕ್ಲಾರ್ಕ್ ಬ್ಯಾಂಡ್ ಬಿಟ್ಟ. ಒಂಬತ್ತು ಹಾಡು ಬರ್ದಂವನೇ ಹೋದ, ಇನ್ನ ಇವ್ರ ಕಥಿ ಮುಗೀತು ಅಂತ ಯಾರಿದ್ರೂ ತಿಳ್ಕೋತಿದ್ರು. ಅಂವ ಹೋಗಿ ಅದೇ ಬ್ಯಾಸಿಲ್ಡನ್ ಊರಿನ ಆಲಿಸನ್ ಮೊಯೆ ಜೋಡಿ ಯಾಜೂ ಅಂತ ಮಾಡ್ದ, 1982ರಾಗ ‘ಓನ್ಲಿ ಯೂ’ 2ನೇ ಸ್ಥಾನಕ್ಕ ಹೋಯ್ತು, ಆಮ್ಯಾಲ ಇರೇಷರ್ ಅಂತ ಇನ್ನೊಂದು. ಇಲ್ಲಿ ಉಳ್ದ ಮೂರು ಮಂದ್ಯಾಗ ಬರಿಯೋ ಭಾರ ಆ ಎರಡು ಹಾಡಿನ ಗೋರ್ ಮ್ಯಾಲ ಬಿತ್ತು, ಅಂವ ಅದನ್ನ ನಲ್ವತ್ತು ವರ್ಷ ಹೊತ್ತ. 2020ರಾಗ ಬ್ಯಾಂಡಿಗಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನೋ ಗೌರವದ ಪಟ್ಟಿಗಿ ಸೇರ್ಸಿದ್ರು, 2022ರ ಮೇದಾಗ ಫ್ಲೆಚರ್ ತೀರ್ಕೊಂಡ. ಆರ್ಕೆಸ್ಟ್ರಾ ಒಡಿಯೋದು ನಾ ನೋಡೀನಿ, ಟ್ಯೂನ್ ಮಾಡಂವ ಹೋದ್ರ ಉಳ್ದವ್ರು ಆರು ತಿಂಗಳು ಹಳೀದೇ ಬಾರ್ಸಿ ಆಮ್ಯಾಲ ಸಾಮಾನು ಮಾರ್ತಾರ. ನಮ್ದೂ ಹಂಗೇ ಆತು, ತಾಳ ಬಾರ್ಸೋ ಆಕ್ಟೋಪ್ಯಾಡ್ ಮಷೀನ್ ಬೀದರಿನವ್ರು ತಗೊಂಡ್ ಹೋದ್ರು.

ಕವರ್ ಬಗ್ಗೆ ಹೇಳ್ಲೇಬೇಕು. ಬ್ರಯನ್ ಗ್ರಿಫಿನ್ ತೆಗ್ದ ಫೋಟೋ. ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿದ ಒಂದು ಹಂಸ. ಜೀವಂತ ಹಂಸ ಅಲ್ಲ, ಸತ್ತದ್ದಕ್ಕ ಒಳಗ ತುಂಬಿ ನಿಂದರ್ಸಿದ್ದು. ಯಾಕಂತ ಯಾರಿಗೂ ತಿಳ್ಯಲ್ಲ, ಬ್ಯಾಂಡಿನವ್ರಿಗೂ ಸೇರ್ಲಿಲ್ಲ. ಅವ್ವ ನೋಡಿ ‘ಕೋಳಿ ಪಾರ್ಸಲ್ಲೇನೋ ಇದು’ ಅಂದ್ಳು, ಅವತ್ತಿಂದ ನಂಗೂ ಹಂಗೇ ಕಾಣ್ತದ. ಅದೇ ಗ್ರಿಫಿನ್ ಎರಡ್ನೇ ಆಲ್ಬಂ ‘ಎ ಬ್ರೋಕನ್ ಫ್ರೇಮ್’ಗ ತೆಗ್ದದ್ದು ನೋಡ್ಬೇಕು ನೀವು, ಬೆಳಿ ನಿಂತ ಹೊಲ, ತಲಿಗಿ ಬಟ್ಟಿ ಕಟ್ಟಿದ ಹೆಣ್ಮಗಳು ಕುಡಗೋಲು ಹಿಡ್ದು ಬಗ್ಗಿ ಕೊಯ್ಲಾಕತ್ತಾಳ, ಮ್ಯಾಲ ಕರೀ ಮೋಡ. ನಮ್ ಜೇವರ್ಗಿ ಕಡಿ ಜೋಳದ ಸುಗ್ಗಿ ಅಂದ್ರೂ ನಂಬಬೇಕು. ಆ ಕವರ್ ಈ ಕವರ್ ಒಬ್ನೇ ಮನಷ್ಯಾ ಮಾಡ್ಯಾನ ಅಂದ್ರ ನಂಬ್ಲಾಕ ಆಗಲ್ಲ.

ತಗೊಳ್ಳೋರಿಗಿ ಒಂದೆರಡು ಮಾತು. ಅವ್ರ ಮೊಟ್ಟ ಮೊದಲ್ನೇ ಸಿಂಗಲ್ ‘ಡ್ರೀಮಿಂಗ್ ಆಫ್ ಮೀ’, ಬರೇ 57ರ ತನಕ ಏರಿದ್ದು, ಬ್ರಿಟನ್ನಿನ ಮೂಲ ಎಲ್ಪಿದಾಗ ಇಲ್ಲ. ಅಮೆರಿಕದ್ದು ತಗೊಂಡ್ರ ಅದು ಅದ, ಆದ್ರ ಆ ‘ಡೆಡ್’ ಹಾಡು ತೆಗ್ದುಬಿಟ್ಟಾರ. ಆರ್ಡರ್ ಹಾಕೋಕಿಂತ ಮೊದ್ಲು ಹಾಡಿನ ಪಟ್ಟಿ ನೋಡ್ಕೋರಿ, ಆಮ್ಯಾಲ ನನಗ ಬೈಬ್ಯಾಡ್ರಿ. ಎರಡು ಸಾವಿರ ಕೊಡೋ ಜರೂರ್ ಇಲ್ಲ ಅನ್ನೋರು ಫೋನ್ದಾಗೇ ಕೇಳ್ರಿ, ಆದ್ರ ಫೋನಿನ ಸ್ಪೀಕರ್ದಾಗ ಬ್ಯಾಡ, ಅದ್ರಾಗ ಬೇಸ್ ಗೆರಿ ಬರಲ್ಲ, ಮೂರು ಗೆರ್ಯಾಗ ಒಂದು ಹೋದ್ರ ಈ ಆಲ್ಬಂದಾಗ ಏನೂ ಉಳಿಯಲ್ಲ. ಕಿವಿಯಾಗ ಇಯರ್‌ಫೋನ್ ಹಾಕ್ಕೊಂಡು ಮೊದ್ಲು ‘ಫೋಟೋಗ್ರಾಫಿಕ್’ ಹಚ್ರಿ. ಅದು ಸೇರ್ಲಿಲ್ಲಂದ್ರ ಉಳದ್ದು ಕೇಳೋ ಗೋಜಿಗಿ ಹೋಗ್ಬ್ಯಾಡ್ರಿ.

ಐದಕ್ಕ ನಾಕು ಕೊಡ್ತೀನಿ ಆಲ್ಬಂಗ. ಒಂದು ಕಡಿಮಿ ಮಾಡಿದ್ದು ‘ವಾಟ್ಸ್ ಯುವರ್ ನೇಮ್’ ಸಲುವಾಗಿ. ಕೊರಿಯರಿಗಿ ಏನೂ ಕೊಡಲ್ಲ. ಹೊಲದಾಗ ಹೆಣ್ಮಗಳು ನಿಂತ ಆ ಎರಡ್ನೇ ಆಲ್ಬಂ ಕಾರ್ಟಿನ್ಯಾಗ ಹಾಕಿಟ್ಟೀನಿ, ದಿನಾ ಒಮ್ಮಿ ತೆಗ್ದು ನೋಡ್ತೀನಿ, ಆದ್ರ ಆರ್ಡರ್ ಒತ್ತೋದು ದೀಪಾವಳಿ ಆಗಿ ಥಂಡಿ ಬಿದ್ದ ಮ್ಯಾಲೇ.